ಕಾಡುಜೀವಿಯ ವಿಳಾಸ

ಬಂಡೆಯ ಸಂದಿಯಲ್ಲಿ ಕುಳಿತ ಹಲ್ಲಿಯೊಂದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಾಗ, ಲೊಕೇಶನ್ ಸೌಲಭ್ಯ ಚಾಲೂ ಇದ್ದರೆ, ಆ ಜಾಗದ ಅಕ್ಷಾಂಶ, ರೇಖಾಂಶ, ದಿನ, ಹೊತ್ತು ಎಲ್ಲವೂ ಚಿತ್ರದ ಕಡತದೊಳಗೆ ದಾಖಲಾಗುತ್ತವೆ. ತೆರೆದ ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರ್‌ಗಳಷ್ಟು ನಿಖರವಾಗಿರುತ್ತದೆ. ಆ ಬಂಡೆಯನ್ನು ಹುಡುಕಿಕೊಂಡು ಬರುವವರಿಗೆ ಅಷ್ಟು ಸಾಕು.

ಹೀಗೆ ಹುಡುಕಿಕೊಂಡು ಹೋದವರು ಮೊದಲೂ ಇದ್ದರು. ದಕ್ಷಿಣ ಚೀನಾದ ಗೋನಿಯೂರೋಸಾರಸ್ ಲೂಯಿ ಎಂಬ ಗೆಕ್ಕೊ ಹಲ್ಲಿಯನ್ನು 1999ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ವಿಜ್ಞಾನಿಗಳು ವಾಡಿಕೆಯಂತೆ ಅದು ಸಿಕ್ಕ ಸ್ಥಳವನ್ನೂ ಪ್ರಕಟಿಸಿದರು. ಸಾಕುವ ಹವ್ಯಾಸಿಗಳಿಗೆ ಮಾರುವ ಸಲುವಾಗಿ ಹಲ್ಲಿ ಹಿಡಿಯುವವರು ಅಲ್ಲಿಗೆ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ, ಅದು ಮೊದಲು ದಾಖಲಾಗಿದ್ದ ನೆಲೆಯಿಂದಲೇ ಇಲ್ಲವಾಯಿತು. ಇಷ್ಟಕ್ಕೆಲ್ಲ ಕಾರಣವಾದದ್ದು ತಜ್ಞರು ಮಾತ್ರ ಓದುವ ಒಂದು ಪ್ರಬಂಧ. ಈಗ ಅದೇ ಮಾಹಿತಿ ಯಾರದೋ ಸಂತೋಷದ ಜೊತೆಗೆ ಕ್ಷಣದಲ್ಲಿ ಲೋಕಕ್ಕೆಲ್ಲ ತಲುಪುತ್ತದೆ.

ಮನುಷ್ಯರ ಖಾಸಗಿತನದ ಬಗೆಗಿನ ನಮ್ಮ ಚಿಂತನೆ ಬಹುಮಟ್ಟಿಗೆ ಒಪ್ಪಿಗೆಯ ಮೇಲೆ ನಿಂತಿದೆ. ಹಲ್ಲಿಯ ಒಪ್ಪಿಗೆ ಕೇಳುವುದು ಹೇಗೆ? ತಂತ್ರಜ್ಞಾನ ಯುಗದ ನೀತಿಯನ್ನು ಕುರಿತು 1979ರಲ್ಲಿ ಬರೆದ ತತ್ತ್ವಜ್ಞಾನಿ ಹಾನ್ಸ್ ಯೋನಾಸ್, ಹಸುಗೂಸಿನ ಬಗೆಗೆ ಹೆತ್ತವರಿಗಿರುವ ಹೊಣೆಯನ್ನೇ ಎಲ್ಲ ಹೊಣೆಗಾರಿಕೆಯ ಮೂಲಮಾದರಿಯೆಂದು ಕಂಡರು: ಶಕ್ತಿಯೆಲ್ಲ ಒಂದೇ ಕಡೆ ಇರುವಾಗ ಹೊಣೆಯೂ ಆ ಕಡೆಯದೇ. ಈ ವಿಚಾರ ಕಾಡುಜೀವಿಯ ವಿಳಾಸಕ್ಕೆ ತೀರ ಹತ್ತಿರದ್ದೆಂದು ನನಗೆ ತೋರುತ್ತದೆ.

ಹಾಗೆಂದು ಎಲ್ಲವನ್ನೂ ಮುಚ್ಚಿಡಲಾಗದು. ರಸ್ತೆಯೋ ಗಣಿಯೋ ಬರಲಿರುವ ಜಾಗದಲ್ಲಿ ಅಪರೂಪದ ಜೀವಿಯೊಂದು ಬದುಕಿದೆ ಎಂದು ವಾದಿಸಬೇಕಾದರೆ ಅದು ಅಲ್ಲಿದೆ ಎಂಬ ದಾಖಲೆ ಬೇಕೇ ಬೇಕು. ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಇದಕ್ಕೊಂದು ನಡುದಾರಿ ಕಂಡುಕೊಂಡಿದೆ. ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ಅದು ಸಾರ್ವಜನಿಕರಿಂದ ಮರೆಮಾಡಿ, ಅಕ್ಷಾಂಶ ರೇಖಾಂಶಗಳೆರಡರಲ್ಲೂ 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತದೆ. ಸಮಭಾಜಕ ವೃತ್ತದ ಬಳಿ ಆ ಚೌಕದ ಒಂದೊಂದು ಬದಿಯೂ ಸುಮಾರು 22 ಕಿಲೋಮೀಟರ್. ಅಪರೂಪದ ಜೀವಿಗಳ ಮಟ್ಟಿಗಾದರೂ ಮರೆಮಾಡುವುದೇ ಎಲ್ಲೆಡೆ ರೂಢಿಯಾಗಬೇಕು, ನಿಖರ ಸ್ಥಳ ಬೇಕೆನ್ನುವವರು ಕಾರಣ ಹೇಳಿ ಕೇಳಬೇಕು.

ಆದರೆ ಯಂತ್ರ ಮರೆಮಾಡುವುದು ಅಂಕಿಗಳನ್ನಷ್ಟೇ. ಚಿತ್ರದ ಹಿನ್ನೆಲೆಯಲ್ಲಿ ಬೆಟ್ಟದ ಅಂಚು, ಒಂಟಿ ಮರ, ಬಂಡೆಯ ಮೇಲಿನ ಬಿರುಕು ಹಾಗೆಯೇ ಉಳಿದಿರುತ್ತವೆ, ಆ ನೆಲವನ್ನು ಬಲ್ಲವರು ಅವನ್ನು ಕಂಡೇ ದಾರಿ ಹಿಡಿಯಬಲ್ಲರು.