ಗಾಂಜಾ ಚರ್ಚೆಗೆ ಮುಂಚೆ ಕಾಯ್ದೆ ಓದೋಣ

ಕಳೆದ ವಾರ ನಮ್ಮ ಓದಿನ ಗುಂಪಿನಲ್ಲಿ ಗಾಂಜಾ ಕಾನೂನುಬದ್ಧ ಆಗಬೇಕಾ ಬೇಡವಾ ಅಂತ ಜೋರು ಚರ್ಚೆ ನಡೆಯಿತು. ಒಬ್ಬರು ಶಿವರಾತ್ರಿಯ ಭಂಗಿ ಎಂದರು. ಇನ್ನೊಬ್ಬರು ಮಗನನ್ನು ಕಳೆದುಕೊಂಡ ಮನೆಗಳ ಕತೆ ಹೇಳಿದರು. ಒಂದು ಗಂಟೆ ಕಳೆದರೂ ಯಾರೂ ಕಾಯ್ದೆಯ ಪುಟ ತೆರೆಯಲಿಲ್ಲ. ಮನೆಗೆ ಬಂದು, ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಹಿಡಿದು ಕೂತೆ. ಆಗ ಬರೆದುಕೊಂಡ ಟಿಪ್ಪಣಿ ಇದು. ಪರೀಕ್ಷೆಗೂ ಆಗುತ್ತದೆ, ಮುಂದಿನ ಚರ್ಚೆಗೂ ಆಗುತ್ತದೆ.

ಒಂದೇ ಗಿಡ, ಮೂರು ಹೆಸರು

ಗಿಡದ ಎಲೆ ಅರೆದು ಮಾಡುವುದು ಭಂಗಿ. ಹೂವು ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಗಳು ಗಾಂಜಾ. ಅಂಟಿನಂಥ ರಾಳ ತೆಗೆದರೆ ಚರಸ್. ಕಾಯ್ದೆಯ ಕಲಂ 2ರಲ್ಲಿ ಚರಸ್ ಇದೆ, ಗಾಂಜಾ ಇದೆ, ಇವೆರಡರಿಂದ ಮಾಡಿದ ಮಿಶ್ರಣ ಮತ್ತು ಪಾನೀಯ ಇದೆ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಈ ಸಾಲಿಗೆ ಅಡಿಗೆರೆ ಹಾಕಿಕೊಳ್ಳಿ.

ಯಾಕೆ ಹೊರಗಿಟ್ಟರು? 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದದಲ್ಲೇ ಈ ವಿನಾಯಿತಿ ಇದೆ. ಭಂಗಿಯ ಹಳೆಯ ಬಳಕೆ ಬಿಡಲಾಗದ ಭಾರತಕ್ಕೆ ಇದು ಬೇಕಿತ್ತು. ಹಾಗಾಗಿ ಭಂಗಿಯ ವಿಷಯ ರಾಜ್ಯಗಳ ಅಬಕಾರಿ ಕಾನೂನಿಗೆ ಬಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಇದೇ ಪ್ರಶ್ನೆ ಬಂತು. ಬೆಂಗಳೂರಿನಲ್ಲಿ ಒಬ್ಬರ ಬಳಿ ಭಂಗಿ ಸಿಕ್ಕಿತ್ತು, ಗಾಂಜಾವೂ ಸ್ವಲ್ಪ ಸಿಕ್ಕಿತ್ತು. ಆ ಭಂಗಿಯನ್ನು ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದಾರೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ ಎಂದ ಕೋರ್ಟ್ ಜಾಮೀನು ಕೊಟ್ಟಿತು. ಗಮನಿಸಿ, ಇದು ಜಾಮೀನು ಆದೇಶ. ಭಂಗಿಗೆ ಎಲ್ಲೆಡೆ ಪರವಾನಗಿ ಸಿಕ್ಕಿತು ಅಂತ ಉತ್ತರ ಪತ್ರಿಕೆಯಲ್ಲಿ ಬರೆದರೆ ತಪ್ಪಾಗುತ್ತದೆ.

ಹಿಂದಿನದು, ಚುರುಕಾಗಿ

ಬ್ರಿಟಿಷ್ ಸರ್ಕಾರ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆಯೋಗ ಮಿತ ಬಳಕೆಯಿಂದ ದೊಡ್ಡ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿ ಸಾಕು ಎಂದಿತು. 1961ರ ಒಪ್ಪಂದ ಉಲ್ಟಾ ದಿಕ್ಕು ಹಿಡಿಯಿತು. ಔಷಧಿ ಮತ್ತು ಸಂಶೋಧನೆ ಬಿಟ್ಟು ಉಳಿದ ಬಳಕೆ ನಿಲ್ಲಿಸಲು 25 ವರ್ಷ ಗಡುವು ಕೊಟ್ಟಿತು. 1985ರ ನವೆಂಬರ್ 14ರಂದು ಎನ್‌ಡಿಪಿಎಸ್ ಜಾರಿಗೆ ಬಂತು. 1989ರಲ್ಲಿ ಜಾಮೀನು ಬಿಗಿಯಾಯಿತು.

ತಕ್ಕಡಿ

ಇಲ್ಲಿ ನಿಧಾನವಾಗಿ ಓದಿ. 2001ಕ್ಕೂ ಮೊದಲು ಕೈಯಲ್ಲಿ ಚೂರು ಚರಸ್ ಇದ್ದರೂ, ಅದು ಸ್ವಂತ ಬಳಕೆಗೆ ಎಂದು ಆರೋಪಿಯೇ ಸಾಬೀತು ಮಾಡಬೇಕಿತ್ತು. ಆಗದಿದ್ದರೆ ಕನಿಷ್ಠ 10 ವರ್ಷ. ಇದು ಅತಿ ಎನಿಸಿ 2001ರ ತಿದ್ದುಪಡಿಯಲ್ಲಿ ತೂಕದ ಲೆಕ್ಕ ತಂದರು. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಚರಸ್‌ಗೆ ಇದೇ ಗೆರೆಗಳು 100 ಗ್ರಾಂ ಮತ್ತು 1 ಕೆಜಿ. ಸಣ್ಣ ಪ್ರಮಾಣಕ್ಕೆ ಈಗ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನ ತೂಕಕ್ಕೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ.

ವಾಣಿಜ್ಯ ಪ್ರಮಾಣ ಆದರೆ ಕಲಂ 37 ಎದುರಾಗುತ್ತದೆ. ಆರೋಪಿ ತಪ್ಪಿತಸ್ಥ ಅಲ್ಲ ಎಂದು ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲ್ಲ, ಈ ಎರಡೂ ಕೋರ್ಟಿಗೆ ಮನವರಿಕೆ ಆದರೆ ಮಾತ್ರ ಜಾಮೀನು. ವಿಚಾರಣೆ ಶುರುವಾಗುವ ಮೊದಲೇ ಇದನ್ನು ತೋರಿಸುವುದು ಎಷ್ಟು ಕಷ್ಟ, ಅಲ್ವಾ? 19 ಕೆಜಿ 900 ಗ್ರಾಂ ಮತ್ತು 20 ಕೆಜಿ 100 ಗ್ರಾಂ ನಡುವೆ ಇರುವುದು 200 ಗ್ರಾಂ. ಆದರೆ ಒಬ್ಬ ಮನುಷ್ಯನಿಗೆ ಅದು ವರ್ಷಗಟ್ಟಲೆ ಜೈಲಿನ ಪ್ರಶ್ನೆ.

ಈಗ ಒಂದು ಮಹಜರು ಕಣ್ಣ ಮುಂದೆ ತಂದುಕೊಳ್ಳಿ. ಗೋಣಿಚೀಲದ ತುಂಬ ಹಸಿ ಸೊಪ್ಪು, ದಂಟು, ಬೇರು, ಬೇರಿಗೆ ಅಂಟಿದ ಮಣ್ಣು, ಮಧ್ಯೆ ಒಂದಷ್ಟು ಹೂತೆನೆ. ಎಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿ 22 ಕೆಜಿ ಗಾಂಜಾ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಕಲಂ 2ರ ಪ್ರಕಾರ ಲೆಕ್ಕಕ್ಕೆ ಬರುವುದು ಹೂತೆನೆ, ಜೊತೆಗೆ ಅದಕ್ಕೆ ಕೂಡಿಕೊಂಡ ಎಲೆ, ಬೀಜ. ದಂಟು, ಬೇರು, ಮಣ್ಣು ಕಳೆದರೆ ಎಷ್ಟು ಉಳಿಯುತ್ತದೆ? ಜಾಮೀನು ಅರ್ಜಿಯಲ್ಲಿ ವಕೀಲರು ಮೊದಲು ಹಿಡಿಯುವುದು ಇದನ್ನೇ. ಹೊಲದಲ್ಲಿ ಗಿಡ ಬೆಳೆದರೆ ದಾರಿ ಬೇರೆ. ಬೆಳೆದಿದ್ದೇ ಅಪರಾಧ, 10 ವರ್ಷದವರೆಗೆ ಸಜೆ, ಅಲ್ಲಿ ತೂಕದ ಮೆಟ್ಟಿಲುಗಳಿಲ್ಲ. ಜೋಳದ ಸಾಲಿನ ನಡುವೆ ನಾಲ್ಕು ಗಿಡ ಹಾಕಿದವರಿಗೂ ಅದೇ ಕಲಂ.

ಮೂರು ಪದ ಕಲಸಬೇಡಿ

ಅಪರಾಧದ ಪಟ್ಟಿಯಿಂದ ತೆಗೆಯುವುದು ಒಂದು. ಅಂಗಡಿಯಲ್ಲಿ ಮಾರಲು ಬಿಡುವುದು ಇನ್ನೊಂದು. ವೈದ್ಯರ ಚೀಟಿಗೆ ಕೊಡುವುದು ಮತ್ತೊಂದು. ಪೋರ್ಚುಗಲ್ 2001ರಲ್ಲಿ ಮೊದಲನೆಯದನ್ನು ಮಾಡಿತು. ಸುಮಾರು 10 ದಿನಕ್ಕಾಗುವಷ್ಟು ಇಟ್ಟುಕೊಂಡವರನ್ನು ಕೋರ್ಟಿಗೆ ಎಳೆಯದೆ ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ಚಿಕಿತ್ಸೆ ಬೇಕಾ, ದಂಡ ಹಾಕಬೇಕಾ ಎಂದು ಸಮಿತಿ ನೋಡುತ್ತದೆ. ಮಾರಿದರೆ ಈಗಲೂ ಅಪರಾಧವೇ. ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್‌ನಲ್ಲಿ ಎರಡನೆಯ ದಾರಿ ಹಿಡಿದವು. ಹಿಂದೆ ಸರಿದವರೂ ಇದ್ದಾರೆ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆಯಿತು. ನಿಯಮ ಬರೆಯುವ ಮೊದಲೇ ಅಂಗಡಿಗಳು ಎದ್ದವು. 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿದರು. ಅಮೆರಿಕದ ಓರೆಗಾನ್ ಎಲ್ಲ ಮಾದಕ ವಸ್ತುಗಳ ಸಣ್ಣ ಪ್ರಮಾಣವನ್ನು ಅಪರಾಧದಿಂದ ತೆಗೆದು, 2024ರಲ್ಲಿ ಮತ್ತೆ ಅಪರಾಧ ಮಾಡಿತು.

ಭಾರತದಲ್ಲಿ ಔಷಧಿ ಮತ್ತು ಸಂಶೋಧನೆಗೆ ಕಲಂ 8ರಲ್ಲೇ ಜಾಗ ಇದೆ. ನಾರು, ಬೀಜಕ್ಕಾಗಿ ಬೆಳೆಯಲು ಕಲಂ 14 ಅವಕಾಶ ಕೊಡುತ್ತದೆ. ಉತ್ತರಾಖಂಡ ಅದನ್ನು ಬಳಸಿಕೊಂಡಿದೆ. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯಲ್ಲಿ ಮತದಾನ ನಡೆಯಿತು. 27 ಪರ, 25 ವಿರುದ್ಧ. ಭಾರತ ಪರವಾಗಿ ಮತ ಹಾಕಿತು. ದೇಶದೊಳಗಿನ ಶಿಕ್ಷೆ ಮಾತ್ರ ಬದಲಾಗಲಿಲ್ಲ.

ನನ್ನ ನಿಲುವು

ಅಂಗಡಿ ತೆರೆಯುವುದಕ್ಕೆ ನನಗೆ ಮನಸ್ಸಿಲ್ಲ. ಹದಿಹರೆಯದ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಚಿಕ್ಕ ವಯಸ್ಸಲ್ಲಿ ಜಾಸ್ತಿ ಸೇದುವವರಲ್ಲಿ ಮನೋರೋಗದ ಅಪಾಯ ಹೆಚ್ಚು. ಮದ್ಯದ ಅಂಗಡಿ ಊರೂರಲ್ಲಿ ಏನು ಮಾಡಿದೆ ಅಂತ ನಮ್ಮ ಕಣ್ಣೆದುರೇ ಇದೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ, ಅದರಲ್ಲಿ ಭಂಗಿಯವರೇ ಜಾಸ್ತಿ.

ಆದರೆ ಸೇದುವ ಹುಡುಗನನ್ನು ಜೈಲಿಗೆ ಹಾಕಿದರೆ ಯಾರಿಗೆ ಲಾಭ? ಅದೇ ಸಮೀಕ್ಷೆ ಪ್ರಕಾರ, ಅಕ್ರಮ ಮಾದಕ ವಸ್ತುಗಳ ಚಟಕ್ಕೆ ಬಿದ್ದ 20 ಜನರಲ್ಲಿ ಒಬ್ಬರಿಗಷ್ಟೇ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಸಿಕ್ಕಿದೆ. ಕಾಯ್ದೆಯಲ್ಲಿ ಕಲಂ 64ಎ ಎಂಬ ಒಳ್ಳೆಯ ಕಿಟಕಿ ಇದೆ. ವ್ಯಸನಿ ತಾನಾಗಿ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು. ನಮ್ಮ ಗುಂಪಿನಲ್ಲಿ ಒಬ್ಬರಿಗೂ ಇದರ ಹೆಸರು ಗೊತ್ತಿರಲಿಲ್ಲ. ಮೊದಲು ಇದು ಠಾಣೆಯಲ್ಲಿ, ಕಾಲೇಜಿನಲ್ಲಿ ಎಲ್ಲರಿಗೂ ತಿಳಿಯಲಿ. ಆಮೇಲೆ ಪೋರ್ಚುಗಲ್ ಥರ ಸಮಿತಿಯ ಬಗ್ಗೆ ಯೋಚಿಸೋಣ.

ಬಿಡಿಸಿ ನೋಡಿ

ಒಬ್ಬನು 900 ಗ್ರಾಂ ಗಾಂಜಾ ಇಟ್ಟುಕೊಂಡು ಪೊಟ್ಟಣ ಕಟ್ಟಿ ಮಾರುತ್ತಿದ್ದಾನೆ. ಇನ್ನೊಬ್ಬನ ಬಳಿ 150 ಗ್ರಾಂ ಚರಸ್ ಇದೆ, ಪೂರ್ತಿ ಸ್ವಂತಕ್ಕೆ. ಯಾರಿಗೆ ಹೆಚ್ಚು ಶಿಕ್ಷೆ ಆಗಬಹುದು?

ಮಾರುವವನದು ಸಣ್ಣ ಪ್ರಮಾಣ, ಗರಿಷ್ಠ 1 ವರ್ಷ. ಸ್ವಂತಕ್ಕೆ ಇಟ್ಟುಕೊಂಡವನು 100 ಗ್ರಾಂ ಗೆರೆ ದಾಟಿದ್ದಾನೆ, 10 ವರ್ಷದವರೆಗೆ ಆಗಬಹುದು. ಸಣ್ಣ ಪ್ರಮಾಣ ಮೀರಿದ ಈ ಕೇಸಿಗೆ 64ಎ ಕೂಡ ಅನ್ವಯಿಸುವುದಿಲ್ಲ.