ಏರು, ಇಳಿಜಾರು ಮತ್ತು ಬಸ್ಕಿ: ಓಟದೊಂದಿಗೆ ಬಲದ ವ್ಯಾಯಾಮ ಹೊಂದಿಸುವ ಕುರಿತು ಅಧ್ಯಯನ ಟಿಪ್ಪಣಿ

ಒಂದೇ ವಾರದಲ್ಲಿ ಓಟವನ್ನೂ ಭಾರ ಎತ್ತುವುದನ್ನೂ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಎರಡೂ ಏಕೆ ಬೇಕು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೇ ಉತ್ತರವಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮದ ಚಟುವಟಿಕೆ ಮಾಡಬೇಕು. ಜೊತೆಗೆ ಕನಿಷ್ಠ ಎರಡು ದಿನ ದೇಹದ ಮುಖ್ಯ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮವಿರಬೇಕು ಎಂದು ಅದು ಹೇಳುತ್ತದೆ.

ಓಡಿದರೆ ಬಲ ಕುಗ್ಗುತ್ತದೆಯೇ?

ಜಿಮ್‌ಗೆ ಹೋಗುವವರ ಈ ಭಯ ಪೂರ್ತಿ ಆಧಾರರಹಿತವಲ್ಲ. 1980ರಲ್ಲಿ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಬಲದ ತರಬೇತಿಯನ್ನು, ಇನ್ನೊಂದು ಸಹಿಷ್ಣುತೆಯ (ದಣಿಯದೆ ದೀರ್ಘಕಾಲ ದುಡಿಯುವ) ತರಬೇತಿಯನ್ನು, ಮೂರನೆಯದು ಎರಡನ್ನೂ 10 ವಾರ ನಡೆಸಿತು. ಮೂರನೆಯ ಗುಂಪಿನವರ ಕಾಲಿನ ಬಲ ಆರಂಭದಲ್ಲಿ ಚೆನ್ನಾಗಿಯೇ ಏರಿ, ಕೊನೆಯ ವಾರಗಳಲ್ಲಿ ಇಳಿಯತೊಡಗಿತು. ಆಮ್ಲಜನಕ ಬಳಸುವ ಸಾಮರ್ಥ್ಯಕ್ಕೆ ಮಾತ್ರ ಧಕ್ಕೆಯಾಗಲಿಲ್ಲ. ದೀರ್ಘ ಓಟದಿಂದ ಚುರುಕಾಗುವ ಎಎಂಪಿಕೆ ಎಂಬ ಕಿಣ್ವವು ಸ್ನಾಯು ಬೆಳೆಸುವಂತೆ ಜೀವಕೋಶದೊಳಗೆ ಸಂಕೇತ ಸಾಗಿಸುವ ಎಂಟಾರ್ ಮಾರ್ಗವನ್ನು ತಡೆಯುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಆದರೆ ಆ ಗುಂಪಿನವರು ವಾರಕ್ಕೆ 5 ದಿನ ಬಲದ ತರಬೇತಿ ಮಾಡಿ, 6 ದಿನ ಸಹಿಷ್ಣುತೆಗೂ ದುಡಿದಿದ್ದರು ಎಂಬುದನ್ನು ಹೇಳದೆ ಫಲಿತಾಂಶವನ್ನಷ್ಟೇ ಉದ್ಧರಿಸುವುದು ಸರಿಯಲ್ಲ. ಮೂರು ದಿನ ಓಡಿ ಎರಡು ದಿನ ಭಾರ ಎತ್ತುವವರಿಗೆ ಈ ಅಂಜಿಕೆ ಬೇಡ. ಭಾರ ಎತ್ತುವುದರಿಂದ ಓಟಗಾರರಿಗಂತೂ ಲಾಭವೇ ಇದೆ. ಅದೇ ವೇಗದಲ್ಲಿ ಓಡಲು ದೇಹಕ್ಕೆ ಬೇಕಾಗುವ ಆಮ್ಲಜನಕ ಕಡಿಮೆಯಾಗುತ್ತದೆ.

ಉಸಿರಿನ ಲೆಕ್ಕವೇ ಬೇರೆ, ತೊಡೆಯ ಲೆಕ್ಕವೇ ಬೇರೆ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಭಾಗ ಇದು. ಪಠ್ಯಗಳಲ್ಲಿ ಸಿಗುವ ವಾರದ ಯೋಜನೆಗಳು ಸಮತಟ್ಟಾದ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಸುತ್ತು ಹಾಕುವವರಿಗೆ ಅವು ಸರಿಹೊಂದುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಏರಿಳಿತದ ರಸ್ತೆಗಳಲ್ಲಿ ಓಡುವವರಿಗೆ ಅದೇ ಲೆಕ್ಕ ಹಿಡಿದರೆ ತಾಳೆಯಾಗುವುದಿಲ್ಲ.

1343 ಮೀಟರ್ ಎತ್ತರದ ಕೊಡಚಾದ್ರಿಗೆ ನಡೆದು ಹೋಗಿಬಂದವರನ್ನು ಕೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಏದುಸಿರು ಬಂದದ್ದು ಹತ್ತುವಾಗ. ಮರುದಿನ ಮನೆಯ ಮೆಟ್ಟಿಲಿಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಮಾತ್ರ ಇಳಿದದ್ದರಿಂದ. ಆಗುಂಬೆ ಘಟ್ಟದ 14 ತಿರುವುಗಳನ್ನು ಹತ್ತುವ ಬಸ್ಸಿನಲ್ಲಿ ಎಂಜಿನ್ ಬಿಸಿಯಾಗುತ್ತದೆ, ಇಳಿಯುವಾಗ ಎಂಜಿನ್ನಿಗೆ ಕೆಲಸ ಕಡಿಮೆಯಾಗಿ ಬ್ರೇಕ್ ಬಿಸಿಯಾಗುತ್ತದೆ. ನಮ್ಮ ದೇಹದಲ್ಲಿ ಆ ಬ್ರೇಕ್ ಎಂದರೆ ತೊಡೆಯ ಮುಂಭಾಗದ ಸ್ನಾಯು. ಏರಿನಲ್ಲಿ ಅದು ಕುಗ್ಗುತ್ತಾ ಬಲ ಹಾಕುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆ ಊರಿದಾಗಲೂ ಮಂಡಿ ಸ್ವಲ್ಪ ಮಡಚಿಕೊಳ್ಳುತ್ತದೆ, ಮೈಭಾರ ತಡೆಯಲು ಸ್ನಾಯು ಬಿಗಿ ಹಿಡಿದಿರುವಾಗಲೇ ಹಿಗ್ಗಬೇಕಾಗುತ್ತದೆ. ಹೀಗೆ ಹಿಗ್ಗುತ್ತಾ ದುಡಿಯುವ ಸ್ನಾಯು ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಬಲ ತಾಳಬಲ್ಲದು. ಹಾಗಾಗಿ ಉಸಿರು ಏರುವುದಿಲ್ಲ, ಗಡಿಯಾರ ತೋರಿಸುವ ಹೃದಯಬಡಿತವೂ ಇಳಿದಿರುತ್ತದೆ, ಓಡುವವರು ಇದನ್ನು ಹಗುರವಾದ ಓಟವೆಂದು ಬರೆದುಕೊಳ್ಳುತ್ತಾರೆ. ಆದರೆ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಹಾನಿಯಾಗುವುದು ಈ ಬಗೆಯ ದುಡಿಮೆಯಲ್ಲೇ ಹೆಚ್ಚು. ನೋವು ಒಡನೆ ಕಾಣಿಸದೆ, 24ರಿಂದ 72 ಗಂಟೆಗಳ ನಡುವೆ ಉತ್ತುಂಗಕ್ಕೇರುತ್ತದೆ. ಆ ಅವಧಿಯಲ್ಲಿ ಸ್ನಾಯುವಿನ ಬಲವೂ ಕುಂದಿರುತ್ತದೆ.

ಭಾನುವಾರ ಬೆಳಿಗ್ಗೆ ಉದ್ದನೆಯ ಇಳಿಜಾರು ಓಡಿ, ಒಂದು ದಿನ ವಿಶ್ರಾಂತಿಯಾಯಿತಲ್ಲ ಎಂದು ಮಂಗಳವಾರ ಭಾರ ಹೊತ್ತು ಬಸ್ಕಿ ಹೊಡೆಯಲು ನಿಂತರೆ, ಅದು ನೋವು ತೀವ್ರವಾಗಿರುವ ಹೊತ್ತಿಗೇ ಬೀಳುತ್ತದೆ. ಆಗ ಭಾರದ ಸರಳು (ಬಾರ್) ಏಳದಿದ್ದರೆ ಓಟದಿಂದ ಬಲ ಹೋಯಿತು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಿಜವಾಗಿ ತಪ್ಪಿರುವುದು ದಿನದ ಆಯ್ಕೆ.

ವಾರದ ಹೊಂದಾಣಿಕೆ

ನಾನು ಮೆಚ್ಚುವ ಒಳದಾರಿ ಇಷ್ಟೇ: ಇಳಿಜಾರಿನ ಓಟದಿಂದ 72 ಗಂಟೆ ಎಣಿಸಿ, ಕಾಲಿನ ಭಾರದ ದಿನವನ್ನು ಅದರಾಚೆ ಇಡುವುದು. ಭಾನುವಾರ ಗುಡ್ಡದ ಓಟವಾದರೆ ಬುಧವಾರ ಸಂಜೆ ಸ್ಕ್ವಾಟ್ (ಭಾರ ಹೊತ್ತ ಬಸ್ಕಿ) ಮತ್ತು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು). ವೇಗದ ಓಟವೂ ಬೇಕೆನ್ನುವವರು ಅದನ್ನು ಬುಧವಾರ ಬೆಳಿಗ್ಗೆಯೇ ಮುಗಿಸಿ, ನಡುವೆ ಆರು ಗಂಟೆಗಳಾದರೂ ಬಿಡುವು ಕೊಟ್ಟರೆ ಗುರುವಾರ ಪೂರ್ತಿ ವಿಶ್ರಾಂತಿಗೆ ಉಳಿಯುತ್ತದೆ. ಆ ಬೆಳಗಿನ ಓಟಕ್ಕೆ ಚಿಕ್ಕದೊಂದು ಏರನ್ನು ಆರಿಸಿಕೊಂಡು, ಓಡುತ್ತಾ ಹತ್ತಿ ನಡೆಯುತ್ತಾ ಇಳಿಯುವುದು ಉತ್ತಮ. ಉಸಿರಿಗೆ ಪೂರ್ತಿ ಕೆಲಸ ಸಿಗುತ್ತದೆ, ತೊಡೆಗೆ ಪೆಟ್ಟು ಕಡಿಮೆ. ಶುಕ್ರವಾರ ದಂಡ, ಭುಜ, ಬೆನ್ನಿನ ವ್ಯಾಯಾಮದ ಜೊತೆ ಭಾರವಿಲ್ಲದ ಬಸ್ಕಿ ಸಾಕು. ಮಂಗಳವಾರ ಸಮತಟ್ಟಾದ ದಾರಿಯಲ್ಲಿ, ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ಓಟ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಬೇಕಾದವರು ಯಾವುದು ಮುಖ್ಯವೋ ಅದನ್ನು ಮೊದಲು ಮಾಡಬೇಕು. ಬಲ ಮುಖ್ಯವಾದರೆ ಭಾರ ಮೊದಲು, ಓಟ ಆಮೇಲೆ.

ಮೀನಖಂಡದ ವ್ಯಾಯಾಮವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದಕ್ಕೆ ಜಿಮ್ ಕೂಡ ಬೇಕಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ರಸ್ತೆಯಲ್ಲಿ ಇಳಿಜಾರು ಓಡುವುದು ಅಪಾಯಕರವಾದ್ದರಿಂದ ಮಳೆಗಾಲದಲ್ಲಿ ಬಲದ ಪಾಲನ್ನು ಹೆಚ್ಚಿಸಿಕೊಳ್ಳುವುದು ವಿವೇಕ. ಒಮ್ಮೆ ಇಳಿಜಾರು ಓಡಿದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಕಡಿಮೆ ನೋವಿನಿಂದ ತಾಳುತ್ತದೆ, ಆದರೆ ಬಿಡುವು ಉದ್ದವಾದಷ್ಟೂ ಈ ರಕ್ಷಣೆ ಸವೆಯುತ್ತದೆ. ಆದ್ದರಿಂದ ಮಳೆ ಹಿಂದೆಗೆದ ಮೇಲೆ ಮೊದಲ ವಾರ ಚಿಕ್ಕ ಇಳಿಜಾರೊಂದನ್ನು ನಿಧಾನವಾಗಿ ಓಡಿ, ತೊಡೆಯ ನೋವು ನೋಡಿಕೊಂಡು ವಾರದಿಂದ ವಾರಕ್ಕೆ ದೂರವನ್ನು ಹೆಚ್ಚಿಸಬೇಕು.