ಕರುಳಿನ ಬ್ಯಾಕ್ಟೀರಿಯಾ ಮಿದುಳಿನವರೆಗೆ ಬಂದ ದಾರಿ

ಪ್ರೊಬಯಾಟಿಕ್ ಅಂದರೆ ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ. ಅದರ ಡಬ್ಬಿಗಳ ಮೇಲೆ ಮೊದಲು ಜೀರ್ಣಶಕ್ತಿಯ ಮಾತಷ್ಟೇ ಇತ್ತು. ಈಗ ನಿದ್ದೆ, ಆತಂಕ, ಬೇಸರವೂ ಸೇರಿಕೊಂಡಿವೆ. ಇದೆಲ್ಲ ಸುಳ್ಳು ಅಂತಲ್ಲ. ಆದರೆ ಯಾವ ಬ್ಯಾಕ್ಟೀರಿಯಾ, ಯಾವ ಪ್ರಾಣಿಯಲ್ಲಿ ಕೆಲಸ ಮಾಡಿತು ಅನ್ನುವುದು ದಾರಿಯಲ್ಲೆಲ್ಲೋ ಬಿಟ್ಟುಹೋಗಿದೆ.

20ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಎಲೀ ಮೆಚ್ನಿಕಾಫ್, ಹುಳಿಹಾಲಿನ ಬ್ಯಾಕ್ಟೀರಿಯಾ ಮುಪ್ಪನ್ನು ಮುಂದೂಡುತ್ತದೆ ಎಂದರು. ಕರುಳಿನ ವಿಷವೇ ಹುಚ್ಚಿಗೆ ಮೂಲ ಅಂತ ನಂಬಿ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿದ ವೈದ್ಯರೂ ಆ ಕಾಲದಲ್ಲಿ ಇದ್ದರು. ಎಷ್ಟೋ ಜನ ಸತ್ತರು. ಆಮೇಲೆ ಹಲವು ದಶಕ ಈ ವಿಷಯ ಮೂಲೆಗೆ ಬಿತ್ತು.

ಮತ್ತೆ ಜೀವ ಬಂದದ್ದು 2004ರಲ್ಲಿ, ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದಿಂದ. ಅಲ್ಲಿ ಮೈಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಇಲಿಗಳನ್ನು ಸಾಕಿದ್ದರು. ಅವನ್ನು ಕದಲದಂತೆ ಹಿಡಿದಿಟ್ಟಾಗ ಒತ್ತಡದ ಹಾರ್ಮೋನು ಮಾಮೂಲಿ ಇಲಿಗಳಿಗಿಂತ ಜಾಸ್ತಿ ಏರಿತು. ಬೈಫಿಡೊಬ್ಯಾಕ್ಟೀರಿಯಂ ಇನ್ಫಾಂಟಿಸ್ ಎಂಬ ಒಂದೇ ಬ್ಯಾಕ್ಟೀರಿಯಾವನ್ನು ಅವುಗಳ ಕರುಳಿಗೆ ಸೇರಿಸಿದಾಗ ಅದು ಹತೋಟಿಗೆ ಬಂತು. ಮಾಮೂಲಿ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಾಗಲೂ ಗುಣ ಕಂಡಿತು, ಆದರೆ ಎಳೆ ವಯಸ್ಸಿನಲ್ಲಿ ಕೊಟ್ಟರೆ ಮಾತ್ರ. ಈ ಷರತ್ತನ್ನು ಈಗ ಯಾರೂ ನೆನಪಿಸುವುದಿಲ್ಲ.

2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ಸಂಶೋಧಕರು ಇನ್ನೂ ಮುಂದೆ ಹೋದರು. ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್‌ನ ಜೆಬಿ-1 ಎಂಬ ಬ್ಯಾಕ್ಟೀರಿಯಾ ತಳಿ ತಿಂದ ಇಲಿಗಳಲ್ಲಿ ಅಂಜಿಕೆ ಕಡಿಮೆಯಾಯಿತು. ಮಿದುಳಿನಲ್ಲಿ ಗಾಬಾ ಎಂಬ, ನರಗಳ ಚಟುವಟಿಕೆಯನ್ನು ತಗ್ಗಿಸುವ ರಾಸಾಯನಿಕವನ್ನು ಹಿಡಿಯುವ ವ್ಯವಸ್ಥೆಯೂ ಬದಲಾಯಿತು. ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಈ ಬದಲಾವಣೆ ಕಾಣಲೇ ಇಲ್ಲ. ಸುದ್ದಿ ಹಾಗೆಯೇ ಹಾರಿತು.

ಮನಸ್ಥಿತಿಯ ಜೊತೆ ಹೆಸರು ಕೇಳಿಬರುವ ರಾಸಾಯನಿಕ ಸೆರೊಟೋನಿನ್, ದೇಹದಲ್ಲಿರುವ ಅದರ ಸುಮಾರು 90 ಶೇಕಡಾ ಕರುಳಲ್ಲೇ ತಯಾರಾಗುತ್ತದೆ ಎಂಬ ಸಾಲೂ ಇದರ ಜೊತೆ ಓಡಾಡಿತು. ಮಾತು ನಿಜ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಪ್ರಭಾವವೇನಿದ್ದರೂ ನರಗಳ ಮೂಲಕ, ರೋಗನಿರೋಧಕ ವ್ಯವಸ್ಥೆಯ ಮೂಲಕ, ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳ ಮೂಲಕ, ಹೀಗೆ ಸುತ್ತಿಬಳಸಿ ಬರಬೇಕು.

2013ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಮಹಿಳೆಯರಿಗೆ 4 ವಾರ ಪ್ರೊಬಯಾಟಿಕ್ ಸೇರಿಸಿದ ಹುದುಗಿಸಿದ ಹಾಲು ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಭಾವನೆ ತೋರುವ ಮುಖಗಳನ್ನು ನೋಡುವಾಗ ಮಿದುಳಿನ ಪ್ರತಿಕ್ರಿಯೆ ಬದಲಾಗಿತ್ತು. ಹಣ ಬಂದದ್ದು ಹಾಲಿನ ಉತ್ಪನ್ನಗಳ ಕಂಪನಿಯಿಂದ. ಅದು ಅಪರಾಧವೇನಲ್ಲ, ಓದುವವರಿಗೆ ಗೊತ್ತಿದ್ದರೆ ಒಳ್ಳೆಯದು ಅಷ್ಟೇ.

2017ರಲ್ಲಿ ಕಾರ್ಕ್‌ನವರೇ ಅದೇ ಜೆಬಿ-1 ತಳಿಯನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. ಒತ್ತಡ, ಆತಂಕ, ನೆನಪು ಯಾವುದರಲ್ಲೂ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಅದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಜಾಹೀರಾತುಗಳು ಮಾತ್ರ ಇನ್ನೂ 2011ರಲ್ಲೇ ನಿಂತಿವೆ.

ಈಚಿನ ಪ್ರಯೋಗಗಳು ಸಣ್ಣ ಪ್ರಶ್ನೆ ಕೇಳುತ್ತಿವೆ. ನನ್ನ ಪ್ರಕಾರ ಅದೇ ಸರಿ. 2023ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಖಿನ್ನತೆಯ ಮಾತ್ರೆಯಿಂದ ಪೂರ್ತಿ ಗುಣವಾಗದ 49 ಜನರನ್ನು ಆರಿಸಿಕೊಂಡರು. ಮಾತ್ರೆಯ ಜೊತೆಗೇ 8 ವಾರ ಕೆಲವರಿಗೆ ಪ್ರೊಬಯಾಟಿಕ್, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟರು. ಪ್ರೊಬಯಾಟಿಕ್ ತಗೊಂಡವರಲ್ಲಿ ಸುಧಾರಣೆ ಸ್ವಲ್ಪ ಜಾಸ್ತಿ ಇತ್ತು. ಇದು ಪ್ರಾಥಮಿಕ ಪ್ರಯೋಗ. ಅಲ್ಲಿ ಯಾರ ಖಿನ್ನತೆಯ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ.